ಕೊಡ ತುಂಬುವ ಸದ್ದು, ಮೈಮೇಲಿನ ಖಬರು

ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಹೋದ ವರ್ಷ ತನ್ನ ತಾಮ್ರದ ಬಾಟಲಿಗೆ ಒಂದು ಚೀಟಿ ಅಂಟಿಸಿದಳು. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ 'ಪ್ರೀತಿ, ಶಾಂತಿ, ಧನ್ಯವಾದ' ಅಂತ ಬರೆದಿದ್ದಳು. ರಾತ್ರಿ ನೀರು ತುಂಬಿಡುವುದು, ಬೆಳಗ್ಗೆ ಎದ್ದ ಕೂಡಲೇ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಆ ಮೂರು ಮಾತು ಹೇಳುವುದು, ಆಮೇಲೆ ಕುಡಿಯುವುದು. ಎಲ್ಲಾ ವಾಟ್ಸಾಪ್‌ನಲ್ಲಿ ಬಂದ ಒಂದು ವಿಡಿಯೋದ ಮಹಿಮೆ. ನಾನು ನಕ್ಕುಬಿಟ್ಟೆ. "ನಗಬ್ಯಾಡ. ಮೂರು ವಾರ ಆತು, ಮುಂಜಾನೆ ಎದೀ ಡವಡವ ಅನ್ನೂದು ಕಡಿಮಿ ಆಗೇತಿ" ಅಂದಳು. ನಗು ನಿಂತಿತು. ಅವಳು ಸುಮ್ನೆ ಹೇಳುವ ಪೈಕಿ ಅಲ್ಲ, ನೋಡೋಕೂ ಆರಾಮಾಗಿ ಕಾಣುತ್ತಿದ್ದಳು.

ಹಾಗಾದರೆ ಚೀಟಿ ಕೆಲಸ ಮಾಡಿತಾ? ಇಲ್ಲ. ಆದರೆ ಏನೋ ಒಂದು ಕೆಲಸ ಮಾಡಿದೆ. ಅದು ಏನು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಚೀಟಿಯ ಕತೆ ಮುಗಿಸಿಬಿಡೋಣ. ನೀರಿಗೆ ಒಳ್ಳೆ ಮಾತು ಹೇಳಿದರೆ ಅದರ ಹರಳು ಚೆಂದ ಆಗುತ್ತದೆ, ಬೈದರೆ ವಿಕಾರ ಆಗುತ್ತದೆ ಅನ್ನುವ ಮಾತು ಜಗತ್ತಿಗೆಲ್ಲ ಹಬ್ಬಿದ್ದು ಜಪಾನಿನ ಮಸಾರು ಎಮೊಟೊ ಅವರಿಂದ. 1990ರ ದಶಕದಲ್ಲಿ ಅವರು ನೀರನ್ನು ಹೆಪ್ಪುಗಟ್ಟಿಸಿ ಹರಳುಗಳ ಫೋಟೋ ತೆಗೆಸಿದರು. ಫೋಟೋಗಳೇನೋ ಚೆನ್ನಾಗಿಯೇ ಇವೆ. ತೊಂದರೆ ಇರುವುದು ಆರಿಸುವುದರಲ್ಲಿ. ಒಂದೇ ನೀರಿನ ಬೇರೆ ಬೇರೆ ಹನಿಗಳಿಂದ ಚೆಂದದ ಹರಳೂ ಬರುತ್ತದೆ, ಸೊಟ್ಟ ಹರಳೂ ಬರುತ್ತದೆ. ಯಾವ ನೀರಿಗೆ ಏನು ಹೇಳಿದೆ ಅಂತ ಗೊತ್ತಿರುವವರೇ ಫೋಟೋ ಆರಿಸಿದರೆ ಫಲಿತಾಂಶ ತಮಗೆ ಬೇಕಾದ ಕಡೆಗೇ ವಾಲುತ್ತದೆ, ಅಲ್ವಾ? ಇನ್ನೊಂದು ವಿಷಯ. ನೀರಿನ ಕಣಗಳು ಒಂದಕ್ಕೊಂದು ಕೈ ಹಿಡಿದುಕೊಂಡಿರುತ್ತವೆ ನಿಜ. ಆದರೆ ಆ ಹಿಡಿತ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲೇ ಬಿಟ್ಟುಹೋಗಿ ಬೇರೆ ಕೈ ಸೇರುತ್ತದೆ. ಇಷ್ಟು ಚಂಚಲ ಆಗಿರುವ ನೀರು ರಾತ್ರಿ ಬರೆದ ಚೀಟಿಯನ್ನು ಬೆಳಗಿನ ತನಕ ನೆನಪಿಟ್ಟುಕೊಳ್ಳುವುದು ಆಗದ ಮಾತು.

ಈಗ ಕಾಕು ನಿಜವಾಗಿ ಏನು ಮಾಡುತ್ತಿದ್ದಾಳೆ ನೋಡಿ. ಮೊದಲು ಎದ್ದ ಕೂಡಲೇ ಮೊಬೈಲ್ ಕೈಗೆತ್ತಿಕೊಳ್ಳುತ್ತಿದ್ದಳು. ಹಾಸಿಗೆಯಲ್ಲೇ ಯಾರದೋ ಆಕ್ಸಿಡೆಂಟ್, ಯಾರದೋ ಜಗಳ, ಮಗನ ಕಡೆಯಿಂದ ಬಾರದ ಮೆಸೇಜು. ಈಗ ಆ ಜಾಗಕ್ಕೆ ಬಾಟಲಿ ಬಂದಿದೆ. ಎರಡೂ ಕೈಗೆ ತಣ್ಣನೆ ತಾಮ್ರ ತಾಗುತ್ತದೆ. ಮಾತು ಹೇಳುವಾಗ ಉಸಿರು ತಾನಾಗಿ ಉದ್ದ ಆಗುತ್ತದೆ. ಆಮೇಲೆ ಎರಡು ಲೋಟದಷ್ಟು ನೀರು ನಿಧಾನವಾಗಿ ಒಳಗೆ ಹೋಗುತ್ತದೆ. ಒಟ್ಟು ನಾಲ್ಕೈದು ನಿಮಿಷ. ಚೀಟಿ ತೆಗೆದರೂ ಇದೆಲ್ಲ ಹಾಗೇ ಉಳಿಯುತ್ತದೆ. ಕೆಲಸ ಮಾಡಿದ್ದು ಇದು.

ಇದಕ್ಕೆ ಇಂಗ್ಲಿಷಿನವರು ಮೈಂಡ್‌ಫುಲ್‌ನೆಸ್ ಅನ್ನುತ್ತಾರೆ. ಕನ್ನಡ ಪುಸ್ತಕಗಳಲ್ಲಿ ಇದಕ್ಕೆ ದೊಡ್ಡ ದೊಡ್ಡ ಪದ ಬಳಸುತ್ತಾರೆ, ಓದಿದರೆ ಗವಿಯಲ್ಲಿ ಕೂರಬೇಕೇನೋ ಅನಿಸುತ್ತದೆ. ನಮ್ಮ ಕಡೆ ಇದಕ್ಕೆ ಒಂದು ಪದ ಮೊದಲೇ ಇದೆ, ಅದೂ ಬೈಗುಳದ ರೂಪದಲ್ಲಿ. ಸಣ್ಣವರಿದ್ದಾಗ ಲೋಟ ಕೈಜಾರಿ ಬಿದ್ದರೆ ಅವ್ವ "ಮೈಮ್ಯಾಲ ಖಬರ ಐತೇನ?" ಅಂತ ಕೇಳುತ್ತಿದ್ದಳಲ್ಲ, ಅದೇ. ಮೈಮೇಲೆ ಖಬರು ಇರುವುದು. ಕೈ ಎಲ್ಲಿದೆ, ಕೈಯಲ್ಲಿ ಏನಿದೆ, ಮನಸ್ಸು ಎಲ್ಲಿಗೆ ಓಡಿತು ಅಂತ ಗೊತ್ತಿರುವುದು. ಅವ್ವನ ಪ್ರಶ್ನೆಗೂ ಮೈಂಡ್‌ಫುಲ್‌ನೆಸ್‌ಗೂ ಒಂದೇ ವ್ಯತ್ಯಾಸ. ಅವ್ವ ಬೈಯುತ್ತಾಳೆ, ಇಲ್ಲಿ ನಮ್ಮನ್ನು ನಾವು ಬೈದುಕೊಳ್ಳುವ ಹಾಗಿಲ್ಲ. ಮನಸ್ಸು ಓಡಿದ್ದು ಗೊತ್ತಾಯಿತಾ, ಸರಿ, ಕರೆದುಕೊಂಡು ಬಾ. ಅಷ್ಟೇ.

ಇದನ್ನು ಆಸ್ಪತ್ರೆಯ ಒಳಗೆ ತಂದವರು ಅಮೆರಿಕದ ಜಾನ್ ಕಬಾಟ್-ಜಿನ್. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಹಳೇ ನೋವಿನಿಂದ ಬಳಲುತ್ತಿದ್ದ ರೋಗಿಗಳಿಗೆ ಅವರು ಕಲಿಸಲು ಶುರು ಮಾಡಿದ್ದು, ಈಗ 8 ವಾರದ ಕೋರ್ಸಾಗಿ ಜಗತ್ತಿನ ತುಂಬ ಇದೆ. ಅದರಲ್ಲಿ ಶುರುವಿಗೆ ಮಾಡಿಸುವ ಪಾಠ ಏನು ಗೊತ್ತಾ? ಒಂದೇ ಒಂದು ಒಣದ್ರಾಕ್ಷಿ ತಿನ್ನುವುದು! ಕೈಯಲ್ಲಿಟ್ಟು ನೋಡಬೇಕು, ಸುಕ್ಕು ಮುಟ್ಟಬೇಕು, ಮೂಸಬೇಕು, ನಾಲಿಗೆ ಮೇಲಿಟ್ಟು ಕಾಯಬೇಕು, ಆಮೇಲೆ ಕಚ್ಚಬೇಕು. ತಿಕೋಟಾ ಕಡೆ ಶೆಡ್ಡುಗಟ್ಟಲೆ ದ್ರಾಕ್ಷಿ ಒಣಗಿಸುವ ನಮ್ಮ ವಿಜಯಪುರ ಜಿಲ್ಲೆಯವರು ಮುಷ್ಟಿ ಮುಷ್ಟಿ ಬಾಯಿಗೆ ಹಾಕಿಕೊಂಡು ಮಾತಾಡುತ್ತಲೇ ನುಂಗುತ್ತೇವೆ. ಆ ಪಾಠವನ್ನು ಯಾವುದರಿಂದ ಬೇಕಾದರೂ ಮಾಡಬಹುದು. ನೀರಿನಿಂದ ಮಾಡುವುದು ಇನ್ನೂ ಸುಲಭ. ನೀರು ಕಣ್ಣಿಗೆ ಕಾಣುತ್ತದೆ, ಚರ್ಮಕ್ಕೆ ತಾಗುತ್ತದೆ, ಕಿವಿಗೆ ಕೇಳುತ್ತದೆ, ಒಂದು ಕ್ಷಣ ಇದ್ದ ಹಾಗೆ ಇನ್ನೊಂದು ಕ್ಷಣ ಇರುವುದಿಲ್ಲ. ಸುಮ್ಮನೆ ಉಸಿರು ನೋಡುತ್ತಾ ಕೂತರೆ ನನಗಂತೂ ಎರಡು ನಿಮಿಷಕ್ಕೆ ನಿದ್ದೆ. ನೀರು ಹಾಗೆ ಮಲಗಲು ಬಿಡುವುದಿಲ್ಲ.

ನನಗೆ ಇದು ತಲೆಗೆ ಹತ್ತಿದ್ದು ನಳದ ಮುಂದೆ. ನಮ್ಮ ಓಣಿಗೆ ನಳ ದಿನಾ ಬರುವುದಿಲ್ಲ. ಬಂದ ದಿನ ಬೆಳಗ್ಗೆ ಐದಕ್ಕೇ ಕೊಡ, ಬಕೆಟ್, ಡ್ರಮ್ ಎಲ್ಲ ಸಾಲು ಹಚ್ಚಬೇಕು. ಆಗ ಒಂದು ಗಮ್ಮತ್ತು ನೋಡಿ. ಹಿತ್ತಾಳೆ ಕೊಡ ನಳದ ಕೆಳಗಿಟ್ಟರೆ ಮೊದಲು ತಳಕ್ಕೆ ಬಡಿಯುವ ಢಣಢಣ ಸದ್ದು. ಸ್ವಲ್ಪ ನೀರು ನಿಂತ ಮೇಲೆ ಅದು ಗುಳುಗುಳು ಅಂತ ದಪ್ಪ ಆಗುತ್ತದೆ. ಆಮೇಲೆ ಸ್ವರ ಮೆಲ್ಲಗೆ ಏರುತ್ತಾ ಹೋಗುತ್ತದೆ, ಕಂಠದ ಹತ್ತಿರ ಬಂದಾಗ ಸರ್ರನೆ ಸಣ್ಣ ದನಿ. ಒಳಗೆ ಒಲೆ ಮುಂದೆ ಕೂತ ಅವ್ವ ತಿರುಗಿಯೂ ನೋಡದೆ "ಕೊಡ ತುಂಬ್ತು ನೋಡ" ಅಂತ ಕೂಗುತ್ತಾಳೆ. ಒಂದು ಸಲವೂ ತಪ್ಪಿದ್ದಿಲ್ಲ. ಇದರ ಹಿಂದಿನ ವಿಜ್ಞಾನ ಕೊಳಲಿನದ್ದೇ. ನೀರಿನ ಮೇಲೆ ಉಳಿದ ಗಾಳಿಯ ಕಂಬ ಗಿಡ್ಡ ಆದಷ್ಟೂ ಸ್ವರ ಮೇಲಕ್ಕೆ ಹೋಗುತ್ತದೆ.

ಒಂದು ದಿನ ಮೊಬೈಲ್ ಒಳಗಿಟ್ಟು ಬಂದಿದ್ದೆ, ಬೇರೆ ಕೆಲಸ ಇರಲಿಲ್ಲ, ಆ ಸದ್ದು ಏರುವುದನ್ನೇ ಕೇಳುತ್ತಾ ಕೂತೆ. ಒಂದು ಕೈ ಕೊಡದ ಹೊಟ್ಟೆ ಮೇಲಿತ್ತು. ನೀರು ಎಲ್ಲಿಯ ತನಕ ಬಂದಿದೆಯೋ ಅಲ್ಲಿಯ ತನಕ ತಣ್ಣಗೆ, ಮೇಲೆ ಬೆಚ್ಚಗೆ, ಆ ಗೆರೆ ಅಂಗೈ ಕೆಳಗೇ ನಿಧಾನ ಮೇಲೇರುತ್ತಿತ್ತು. ಮೂರನೇ ಕೊಡದ ಹೊತ್ತಿಗೆ, ಹಿಂದಿನ ರಾತ್ರಿಯಿಂದ ತಲೆಯಲ್ಲಿ ಕೊರೆಯುತ್ತಿದ್ದ ಒಂದು ಜಗಳ ಅಲ್ಲೇ ಇತ್ತು, ಆದರೆ ಯಾರೋ ಅದರ ವಾಲ್ಯೂಮ್ ಕಡಿಮೆ ಮಾಡಿದ ಹಾಗಿತ್ತು.

ಯಾಕೆ ಹೀಗಾಗುತ್ತದೆ? 2010ರಲ್ಲಿ ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಮತ್ತು ಡ್ಯಾನಿಯಲ್ ಗಿಲ್ಬರ್ಟ್ ಅನ್ನುವ ಹಾರ್ವರ್ಡ್ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. 2250 ಜನರ ಐಫೋನಿಗೆ ಯಾವ್ಯಾವುದೋ ಹೊತ್ತಿನಲ್ಲಿ ಪ್ರಶ್ನೆ ಕಳಿಸುವುದು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅಲ್ಲೇ ಇದೆಯಾ, ಎಷ್ಟು ಖುಷಿಯಾಗಿದ್ದೀರಿ? ಕೇಳಿದ ಹೊತ್ತಿನಲ್ಲಿ ಸುಮಾರು ಶೇ. 47ರಷ್ಟು ಸಲ ಜನರ ಮನಸ್ಸು ಮಾಡುವ ಕೆಲಸದಲ್ಲಿ ಇರಲಿಲ್ಲ. ಮನಸ್ಸು ಬೇರೆ ಕಡೆ ಇದ್ದಾಗ ಜನ ಕಡಿಮೆ ಖುಷಿಯಾಗಿದ್ದರು, ಮಾಡುವ ಕೆಲಸ ಬೇಸರದ್ದಾದರೂ ಅಷ್ಟೇ. ಅಂದರೆ ಬಟ್ಟೆ ಒಗೆಯುತ್ತಾ ಬಟ್ಟೆಯಲ್ಲೇ ಮನಸ್ಸಿಟ್ಟವರು, ಒಗೆಯುತ್ತಾ ಎಲ್ಲೋ ಅಲೆಯುವವರಿಗಿಂತ ಹಗುರ. ಅಲೆಯುವ ಮನಸ್ಸು ಹೋಗುವ ದಾರಿಯೂ ನಮಗೆ ಗೊತ್ತೇ ಇದೆ: ಸಾಲ, ಮಗಳ ಮದುವೆ, ಯಾರೋ ಅಂದ ಮಾತು. ಚೆಂದದ ಕಡೆಗೂ ಹೋಗುತ್ತದೆ, ಆದರೆ ಹಾಗೆ ಹೋದಾಗಲೂ ಜನ ಹೆಚ್ಚು ಖುಷಿಯಾಗಿದ್ದದ್ದು ಆ ಅಧ್ಯಯನದಲ್ಲಿ ಕಾಣಲಿಲ್ಲ. ಆದ್ದರಿಂದ ಪಾಸಿಟಿವ್ ಯೋಚನೆಯನ್ನು ಹೊರಗಿನಿಂದ ತಂದು ತುರುಕುವ ಅಗತ್ಯ ಅಷ್ಟಿಲ್ಲ. ಕೆಟ್ಟ ಯೋಚನೆಯ ಗಾಣ ಸ್ವಲ್ಪ ಹೊತ್ತು ತಿರುಗದಿದ್ದರೆ ಸಾಕು, ಮನಸ್ಸು ಅರ್ಧಕ್ಕರ್ಧ ತಾನೇ ಹದಕ್ಕೆ ಬರುತ್ತದೆ.

ಇದು ಗಮನದ ಮಾತಾಯಿತು. ನೀರು ನೇರವಾಗಿ ದೇಹದ ಮೇಲೆ ಕೆಲಸ ಮಾಡುವ ದಾರಿಗಳೂ ಇವೆ. ಅದರಲ್ಲಿ ಎಲ್ಲಕ್ಕಿಂತ ಗಟ್ಟಿ ಅಂದರೆ ಮುಖಕ್ಕೆ ತಣ್ಣೀರು.

ಉಸಿರು ಹಿಡಿದು ಮುಖವನ್ನು ತಣ್ಣೀರಿನಲ್ಲಿ ಅದ್ದಿದರೆ ಎದೆಬಡಿತ ನಿಧಾನ ಆಗುತ್ತದೆ. ಸೀಲ್, ತಿಮಿಂಗಿಲಗಳಿಂದ ಹಿಡಿದು ನಮ್ಮ ತನಕ ಎಲ್ಲ ಸಸ್ತನಿಗಳಲ್ಲೂ ಇರುವ ಮುಳುಗು ಪ್ರತಿಕ್ರಿಯೆ ಇದು. ಹಣೆ, ಕಣ್ಣಿನ ಸುತ್ತ, ಮೂಗಿನ ಹತ್ತಿರ ಹರಡಿರುವ ಟ್ರೈಜೆಮಿನಲ್ ನರ ಮಿದುಳಿಗೆ 'ನೀರಿನೊಳಗೆ ಹೋಗಿದ್ದೇವೆ' ಅಂತ ಸುದ್ದಿ ಮುಟ್ಟಿಸುತ್ತದೆ. ಮಿದುಳು ಆಮ್ಲಜನಕ ಉಳಿಸಬೇಕು ಅಂತ ವೇಗಸ್ ನರದ ಮೂಲಕ ಹೃದಯಕ್ಕೆ 'ಸಾವಕಾಶ' ಅನ್ನುತ್ತದೆ. ಸಿಟ್ಟು, ಗಾಬರಿ ನೆತ್ತಿಗೇರಿದಾಗ ಬುದ್ಧಿವಾದ ತಲೆಗೆ ಹೋಗುವುದಿಲ್ಲ, ಆದರೆ ಈ ನರಕ್ಕೆ ಬುದ್ಧಿವಾದ ಬೇಕಾಗಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ರೂಪಿಸಿದ ಡಿಬಿಟಿ ಅನ್ನುವ ಚಿಕಿತ್ಸೆಯಲ್ಲಿ ಭಾವನೆ ಉಕ್ಕಿದಾಗ ಮಾಡಲು ಕಲಿಸುವ ಕೌಶಲಗಳಲ್ಲಿ ಇದೂ ಒಂದು.

ನಾನು ಮಾಡಿ ಕೆಡಿಸಿಕೊಂಡಿದ್ದನ್ನೂ ಹೇಳುತ್ತೇನೆ. ಏಪ್ರಿಲ್ ತಿಂಗಳು, ಒಂದು ಕಚೇರಿಯಲ್ಲಿ ಮೂರನೇ ಸಲ ಅದೇ ಕಾಗದ ತರಲು ಹೇಳಿ ಕಳಿಸಿದ್ದರು, ತಲೆ ಕಾದು ಮನೆಗೆ ಬಂದವನೇ ಬಚ್ಚಲಕ್ಕೆ ಹೋಗಿ ನಳ ತಿರುಗಿಸಿ ಬೊಗಸೆ ತುಂಬ ನೀರನ್ನು ಮುಖಕ್ಕೆ ಎರಚಿಕೊಂಡೆ. ಬಿಸಿ ಬಿಸಿ! ಮಾಳಿಗೆ ಮೇಲಿನ ಕರಿ ಟ್ಯಾಂಕು ವಿಜಯಪುರದ ಬಿಸಿಲಿಗೆ ಚಹಾ ಕಾಯಿಸುವಂತೆ ಕಾದಿತ್ತು. ಸಿಟ್ಟು ಡಬಲ್ ಆಯಿತು. ನಮ್ಮ ಕಡೆ ಬೇಸಿಗೆಯಲ್ಲಿ ತಣ್ಣೀರು ಸಿಗುವುದು ಮಣ್ಣಿನ ಗಡಿಗೆಯಲ್ಲಿ ಮಾತ್ರ. ಗಡಿಗೆಯ ಸಣ್ಣ ಸಣ್ಣ ರಂಧ್ರದಿಂದ ನೀರು ಜಿನುಗಿ ಆವಿಯಾಗುವಾಗ ಒಳಗಿನ ಶಾಖವನ್ನೂ ಹೊತ್ತೊಯ್ಯುತ್ತದೆ, ಗಾಳಿ ಒಣಗಿದಷ್ಟೂ ಈ ಕೆಲಸ ಜೋರು. ಆದ್ದರಿಂದ ಗಡಿಗೆ ನೀರು ಬೋಗುಣಿಗೋ ಅಗಲ ಪಾತ್ರೆಗೋ ಹಾಕಿಕೊಳ್ಳಿ. ಫ್ರಿಜ್ ಇದ್ದರೆ ನಾಲ್ಕು ಐಸ್ ತುಂಡು ಹಾಕಿ. ಉಸಿರು ಹಿಡಿದು, ಬಗ್ಗಿ, ಕಣ್ಣಿನ ಕೆಳಗಿನ ಎಲುಬು ಮುಳುಗುವ ತನಕ ಮುಖ ಇಡಿ. ಹದಿನೈದು ಇಪ್ಪತ್ತು ಸೆಕೆಂಡ್, ಜಾಸ್ತಿ ಅಂದರೆ ಮೂವತ್ತು. ಆಗದಿದ್ದರೆ ಒದ್ದೆ ಟವೆಲ್ ಮುಖದ ಮೇಲಿಟ್ಟು ಉಸಿರು ಹಿಡಿದರೂ ನಡೆಯುತ್ತದೆ. ಆದರೆ ಹೃದಯದ ತೊಂದರೆ ಇರುವವರು, ಎದೆಬಡಿತ ನಿಧಾನ ಮಾಡುವ ಗುಳಿಗೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು. ಹಾಗೇ, ಬೆಳಗಿನ ಚಳಿಯಲ್ಲಿ ಒಮ್ಮೆಗೇ ಬಾವಿಗೆ ಹಾರುವುದು ಬೇರೆ ಸಂಗತಿ. ಇಡೀ ಮೈಗೆ ತಣ್ಣೀರು ಬಿದ್ದ ಕೂಡಲೇ ಉಸಿರು ಎಳೆದುಕೊಂಡು ಎದೆಬಡಿತ ಏರುತ್ತದೆ, ಇಳಿಯುವುದಿಲ್ಲ.

ಕುಡಿಯುವ ನೀರಿಗೆ ಬರೋಣ. ಮೈಯಲ್ಲಿ ನೀರು ಸ್ವಲ್ಪವೇ ಕಡಿಮೆಯಾದರೂ ಮನಸ್ಸು ಕೆಡುತ್ತದೆ, ಬಾಯಾರಿಕೆ ಜೋರಾಗುವ ಮೊದಲೇ. 2011 ಮತ್ತು 2012ರಲ್ಲಿ ಬಂದ ಎರಡು ಅಮೆರಿಕನ್ ಅಧ್ಯಯನಗಳಲ್ಲಿ, ದೇಹದ ತೂಕದ ಶೇ. 1.5ರ ಆಸುಪಾಸಿನಷ್ಟು ನೀರು ಕಡಿಮೆಯಾದಾಗ, ಗಂಡಸರಿಗೆ ದಣಿವು, ಆತಂಕ ಜಾಸ್ತಿಯಾಯಿತು, ಹೆಂಗಸರಿಗೆ ತಲೆನೋವು ಬಂತು, ಮೂಡ್ ಕೆಟ್ಟಿತು, ಗಮನ ಇಡುವುದು ಕಷ್ಟವಾಯಿತು. 60 ಕೆಜಿ ತೂಕದವರಿಗೆ ಅದು ಒಂದು ಲೀಟರಿಗಿಂತ ಕಡಿಮೆ. ಮೇ ತಿಂಗಳಲ್ಲಿ ಮಧ್ಯಾಹ್ನ ಬಸ್ ಸ್ಟ್ಯಾಂಡಿನಿಂದ ಮನೆಗೆ ಬರುವಷ್ಟರಲ್ಲಿ ಎಷ್ಟು ಬೆವರು ಹೋಗುತ್ತದೆ, ಲೆಕ್ಕ ಹಾಕಿ. 'ಯಾಕೋ ಎಲ್ಲರ ಮೇಲೂ ರೇಗುತ್ತಿದೆ' ಅನಿಸಿದರೆ ಜಾತಕ ತೆಗೆಯುವ ಮೊದಲು ಒಂದು ಚರಿಗೆ ನೀರು ಕುಡಿದು ನೋಡಬಹುದು. ಹಾಗಂತ ಬಿಂದಿಗೆಗಟ್ಟಲೆ ಸುರಿದುಕೊಳ್ಳಬೇಡಿ. ಆರೋಗ್ಯವಂತರ ಮೂತ್ರಪಿಂಡ ಗಂಟೆಗೆ ಹೆಚ್ಚೆಂದರೆ ಒಂದು ಲೀಟರಿನ ಆಸುಪಾಸು ನೀರು ಹೊರಹಾಕಬಲ್ಲದು, ಅದನ್ನು ಮೀರಿ ಕುಡಿಯುತ್ತಲೇ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ಜೀವಕ್ಕೇ ಕುತ್ತು.

ಇದರಲ್ಲಿ ನಮ್ಮ ಹಿರಿಯರ ಒಂದು ಪದ್ಧತಿ ನನಗೆ ಬಹಳ ಇಷ್ಟ. ಮನೆಗೆ ಯಾರೇ ಬರಲಿ, ಮೊದಲು ಕೈಕಾಲಿಗೆ ಒಂದು ಚರಿಗೆ ನೀರು, ಆಮೇಲೆ ಕುಡಿಯಲು ನೀರು, ಜೊತೆಗೆ ಒಂದು ತುಂಡು ಬೆಲ್ಲ. ಬಂದ ವಿಷಯ ಆಮೇಲೆ. ಬಿಸಿಲಲ್ಲಿ ಜಗಳಕ್ಕೆ ಅಂತಲೇ ಬಂದವನೂ ಕಾಲು ತೊಳೆದು, ಬೆಲ್ಲ ಕಚ್ಚಿ, ನೀರು ಕುಡಿಯುವಷ್ಟರಲ್ಲಿ ಅರ್ಧ ಇಳಿದಿರುತ್ತಾನೆ. ಹೊರಗಿನದಕ್ಕೂ ಒಳಗಿನದಕ್ಕೂ ನಡುವೆ ಎರಡು ನಿಮಿಷದ ಹೊಸ್ತಿಲು ಅದು. ಈಗ ಕಾಲು ತೊಳೆಯದೆ, ಬೂಟು ಬಿಚ್ಚುತ್ತಲೇ ಫೋನಿನಲ್ಲಿ ಮಾತಾಡುತ್ತಾ ಒಳಗೆ ಬರುತ್ತೇವೆ, ಆಫೀಸೂ ನಮ್ಮ ಹಿಂದೆಯೇ ಒಳಗೆ ಬರುತ್ತದೆ. ಈ ಪದ್ಧತಿಯನ್ನು ನನ್ನ ಮೇಲೆ ನಾನೇ ಮಾಡಿಕೊಳ್ಳಲು ಶುರು ಮಾಡಿದ್ದೇನೆ. ಪಾದದ ಮೇಲೆ ನೀರು ಬೀಳುವಾಗ ಬರೀ ಪಾದ. ಕುಡಿಯುವಾಗ ಮೊದಲ ಮೂರು ಗುಟುಕು ಮಾತ್ರ ಲಕ್ಷ್ಯ ಕೊಟ್ಟು: ಗಡಿಗೆಯ ಮಣ್ಣಿನ ವಾಸನೆ, ತುಟಿಗೆ ತಾಗುವ ತಣ್ಣನೆ, ಗಂಟಲಿನಿಂದ ಎದೆಯ ತನಕ ಇಳಿಯುವುದು. ಉಳಿದಿದ್ದು ಹೇಗೆ ಬೇಕಾದರೂ ಕುಡಿಯಿರಿ. ಪೂರ್ತಿ ಲೋಟ ಧ್ಯಾನ ಮಾಡಲು ಹೊರಟವರು ನಾಲ್ಕನೇ ದಿನ ಬಿಡುತ್ತಾರೆ, ನಾನೂ ಬಿಟ್ಟಿದ್ದೆ.

ಭಾಂಡಿ ತಿಕ್ಕುವುದರ ಮೇಲೂ ಒಂದು ಅಧ್ಯಯನ ಇದೆ ಅಂದರೆ ನಂಬುತ್ತೀರಾ? 2015ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ 51 ಕಾಲೇಜು ವಿದ್ಯಾರ್ಥಿಗಳಿಗೆ ಪಾತ್ರೆ ತೊಳೆಸಿದರು. ಅರ್ಧ ಜನರಿಗೆ ಸೋಪಿನ ವಾಸನೆ, ನೀರಿನ ಬಿಸಿ, ಪಾತ್ರೆಯ ಮೈ ಗಮನಿಸುತ್ತಾ ತೊಳೆಯುವ ಬಗ್ಗೆ ಓದಲು ಕೊಟ್ಟಿದ್ದರು, ಉಳಿದವರಿಗೆ ಬರೀ ತೊಳೆಯುವ ವಿಧಾನ. ಗಮನವಿಟ್ಟು ತೊಳೆದವರಲ್ಲಿ ಆತಂಕ ಶೇ. 27ರಷ್ಟು ಕಡಿಮೆಯಾಯಿತು, ಸ್ಫೂರ್ತಿ ಶೇ. 25ರಷ್ಟು ಹೆಚ್ಚಾಯಿತು ಅಂತ ಅವರೇ ತುಂಬಿದ ಪ್ರಶ್ನೆಪಟ್ಟಿ ಹೇಳಿತು. ಸಣ್ಣ ಅಧ್ಯಯನ, ಒಂದೇ ಸಲ ಮಾಡಿದ್ದು, ಇದರ ಮೇಲೆ ಗೋಪುರ ಕಟ್ಟಬೇಡಿ. ಇದನ್ನು ನಮ್ಮ ಮನೆಯಲ್ಲಿ ಹೇಳಿದಾಗ ಹೆಂಡತಿ "ಹಂಗಾರ ಇವತ್ತಿಂದ ಆ ಶಾಂತಿ ನಿಮಗ ಇರ್ಲಿ" ಅಂತ ಪಾತ್ರೆ ತಿಕ್ಕುವ ಜುಬ್ಬರಿ ಕೈಗೆ ಕೊಟ್ಟಳು. ನ್ಯಾಯವೇ. ಮನೆಯ ಎಲ್ಲರ ಪಾತ್ರೆ ಒಬ್ಬಳೇ ತಿಕ್ಕುವವಳಿಗೆ ಗಮನವಿಟ್ಟು ತಿಕ್ಕು ಅನ್ನುವುದು ಮೈಂಡ್‌ಫುಲ್‌ನೆಸ್ ಅಲ್ಲ, ಮೈಗಳ್ಳತನ.

ಮನೆಯ ಹೊರಗೆ ನೀರಿನ ಹತ್ತಿರ ಕೂರುವುದಕ್ಕೆ ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಜಾಗಕ್ಕೆ ಬರವಿಲ್ಲ. ಬಾದಾಮಿಯ ಅಗಸ್ತ್ಯ ಕೆರೆಯ ಮೆಟ್ಟಿಲ ಮೇಲೆ ಬೆಳಗ್ಗೆ ಕೂತರೆ ಬಟ್ಟೆ ಒಗೆಯುವ ಸದ್ದು ಕೆಂಪು ಬಂಡೆಗೆ ಬಡಿದು ಒಂದು ಗಳಿಗೆ ತಡವಾಗಿ ವಾಪಸ್ ಬರುತ್ತದೆ. ಮಹಾಕೂಟದಲ್ಲಿ ಊಟೆಯ ನೀರು ತುಂಬುವ ಪುಷ್ಕರಣಿ ಇದೆ. ಇಲ್ಲಿ ವಿಜಯಪುರದಲ್ಲಿ 1620ರಲ್ಲಿ ಕಟ್ಟಿಸಿದ ತಾಜ್ ಬಾವಡಿ ಇದೆ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯ ಮಂಟಪಕ್ಕೆ ಮೆಟ್ಟಿಲು ಇಳಿದು ಹೋಗಬೇಕು, ಸುತ್ತ ನೀರು, ಒಳಗೆ ಮಾತಾಡಲು ಮನಸ್ಸೇ ಬರುವುದಿಲ್ಲ. ಮಳೆಗಾಲದ ಗೋಕಾಕ ಫಾಲ್ಸಿನ ಮುಂದೆ ಘಟಪ್ರಭಾ 52 ಮೀಟರ್ ಕೆಳಗೆ ಬೀಳುವಾಗ ಪಕ್ಕದವರ ಮಾತೂ ಕೇಳುವುದಿಲ್ಲ, ತಲೆಯೊಳಗಿನ ಮಾತೂ ಕೇಳುವುದಿಲ್ಲ. ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ಅನ್ನುವ ಮನಃಶಾಸ್ತ್ರಜ್ಞ ದಂಪತಿ ಇದಕ್ಕೊಂದು ವಿವರಣೆ ಕೊಟ್ಟಿದ್ದಾರೆ. ಮೊಬೈಲ್, ಟ್ರಾಫಿಕ್, ಲೆಕ್ಕಪತ್ರ ನಮ್ಮ ಗಮನವನ್ನು ಕುತ್ತಿಗೆ ಹಿಡಿದು ಎಳೆಯುತ್ತವೆ. ಹರಿಯುವ ನೀರು, ಮೋಡ, ಅಲ್ಲಾಡುವ ಎಲೆ ಗಮನವನ್ನು ಬರೀ ಮೆಲ್ಲಗೆ ಕರೆಯುತ್ತವೆ. ಆ ಹೊತ್ತಿನಲ್ಲಿ ದಣಿದ ಗಮನ ವಿಶ್ರಾಂತಿ ತಗೊಳ್ಳುತ್ತದೆ, ಅನ್ನುವುದು ಅವರ ವಾದ. ಆದರೆ ಸೆಲ್ಫಿ ತೆಗೆಯುತ್ತಾ ಅಂಚಿಗೆ ಹೋಗಬೇಡಿ, ಅಲ್ಲಿ ಬೇಕಾಗಿರುವುದು ಬೇರೆ ಖಬರು.

ಒಂದು ಮಾತು ಇಲ್ಲಿ ಹೇಳಲೇಬೇಕು. ನೀರು ಎಂದರೆ ಶಾಂತಿ ಅಂತ ಬರೆಯುವವರು ಹೆಚ್ಚಾಗಿ ನೀರು ಮನೆಯೊಳಗೆ ಬಂದದ್ದನ್ನು ನೋಡದವರು. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದಾಗ ಬೆಳಗಾವಿ, ಬಾಗಲಕೋಟೆಯ ಹಳ್ಳಿಗಳಲ್ಲಿ ಜನ ದನ ಬಿಚ್ಚಿ ಓಡಿದ್ದಾರೆ. ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಆಲಮಟ್ಟಿ ಹಿನ್ನೀರಿನ ಪಾಲಾಗಿವೆ. ಅಂಥವರಿಗೆ ರಾತ್ರಿ ಮಳೆ ಸದ್ದು ಕೇಳಿದರೆ ನಿದ್ದೆ ಬರುವುದಿಲ್ಲ, ಹಾರುತ್ತದೆ. ಕಣ್ಣು ಮುಚ್ಚಿ ಹೊಳೆಯನ್ನು ಕಲ್ಪಿಸಿಕೊಳ್ಳಿ ಅಂತ ಅವರಿಗೆ ಹೇಳುವುದು ತಪ್ಪು. ಒಣದ್ರಾಕ್ಷಿ ಇದೆಯಲ್ಲ, ರೊಟ್ಟಿ ಬಡಿಯುವ ಸದ್ದಿದೆ, ಅಂಗಾಲಿಗೆ ತಾಗುವ ಮಣ್ಣಿದೆ, ಯಾವುದಾದರೂ ಆದೀತು.

ಮತ್ತೆ, ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ರುಚಿ ಇಲ್ಲ, ನಿದ್ದೆ ಇಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂದರೆ ಅದಕ್ಕೆ ಒಂದು ಲೋಟ ನೀರಾಗಲಿ ಬಾಟಲಿಯ ಚೀಟಿಯಾಗಲಿ ಮದ್ದಲ್ಲ. ಡಾಕ್ಟರ ಹತ್ತಿರ ಹೋಗಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕಾಕುಗೆ ಇದನ್ನೆಲ್ಲ ಹೇಳಿದೆ. ಎಮೊಟೊ, ಹರಳು, ವೇಗಸ್ ನರ, ಎಲ್ಲ. ಚಹಾ ಸೋಸುತ್ತಾ ಕೇಳಿದಳು. ಚೀಟಿಯ ಅಕ್ಷರ ಆಗಲೇ ನೀರು ತಾಗಿ ತಾಗಿ ಮಾಸಿತ್ತು, 'ಧನ್ಯವಾದ'ದಲ್ಲಿ ಬರೀ 'ವಾದ' ಉಳಿದಿತ್ತು. ತೆಗೆದುಬಿಡಲಾ ಅಂದೆ. "ಇರ್ಲಿ ಬಿಡ, ಅದನ್ನ ನೋಡಿದ್ರ ಮೊಬೈಲ್ ಮುಟ್ಟಬಾರದು ಅನ್ನೂದು ನೆಪ್ಪಾಗತೈತಿ" ಅಂದಳು. ಅಷ್ಟರಲ್ಲಿ ಹಿತ್ತಲಲ್ಲಿ ಕೊಡದ ದನಿ ಸಣ್ಣಗಾಯಿತು, ಇಬ್ಬರೂ ಒಟ್ಟಿಗೇ ಎದ್ದೆವು.